ಇನ್ನೂರ ಏಳನೆಯ ಸಾಲು

ಜನವರಿ ೬, ಸೋಮವಾರ

ಇಂದು ಸಂಶೋಧನಾ ವಿಭಾಗದ ಸಭೆಯಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಈ ಆಸ್ಪತ್ರೆಯಲ್ಲಿ ಅಂಕಿಅಂಶ ಸಹಾಯಕನಾಗಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ, ಇದೇ ಮೊದಲು. ಪ್ರೊಜೆಕ್ಟರಿನ ವೈರು ಸಡಿಲವಾಗಿತ್ತು, ಅದನ್ನು ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು ಎಂದು ಆಗದವರು ಹೇಳಬಹುದು. ಹೇಳಿಕೊಳ್ಳಲಿ.

ನಿರ್ದೇಶಕರು ಹೊಸ ಅಧ್ಯಯನವನ್ನು ಘೋಷಿಸಿದರು. ಸ್ತನ ಕ್ಯಾನ್ಸರ್ ಇರುವ ಮುನ್ನೂರು ಹೆಂಗಸರು. ಚಿಕಿತ್ಸೆ ಶುರುವಾಗುವ ಮೊದಲು ಒಬ್ಬೊಬ್ಬರದೂ ಬರಿಹೊಟ್ಟೆಯ ಸಕ್ಕರೆ, ಇನ್ಸುಲಿನ್, ರಕ್ತದ ಕೊಬ್ಬು, ಸೊಂಟದ ಸುತ್ತಳತೆ ಬರೆದುಕೊಳ್ಳುವುದು. ಇನ್ನೊಂದು ಕಡೆ ಅವರ ಗಡ್ಡೆ ಎಷ್ಟು ಉಗ್ರ, ಅದರ ಜೀವಕೋಶಗಳು ಎಷ್ಟು ಬೇಗ ಇಬ್ಭಾಗವಾಗುತ್ತಿವೆ ಎಂದು ಬರೆದುಕೊಳ್ಳುವುದು. ಮೈಯ ಸಕ್ಕರೆ-ಕೊಬ್ಬಿನ ಲೆಕ್ಕ ತಪ್ಪಿದವರಲ್ಲಿ ಗಡ್ಡೆಯೂ ಹೆಚ್ಚು ಉಗ್ರವೇ ಎಂದು ನೋಡುವುದು. ಕೋಷ್ಟಕದ ಹೊಣೆ ನನ್ನದು.

"ಸೊಂಟ ತೋರಿಸಿ, ಗಡ್ಡೆಯ ಗುಣ ಹೇಳ್ತೀವಿ! ಇದೇ ನಮ್ಮ ಘೋಷಣೆ" ಎಂದು ನಿರ್ದೇಶಕರು ಮೈಕಿನಲ್ಲಿ ಕೂಗಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಒಬ್ಬಳ ಸೊಂಟವನ್ನೂ ಅಳೆಯುವ ಮೊದಲೇ ಫಲಿತಾಂಶಕ್ಕೆ ಚಪ್ಪಾಳೆ ಬೀಳಬೇಕಾದರೆ ಅದಕ್ಕೆ ದೂರದೃಷ್ಟಿ ಬೇಕು. ಬೆನ್ನ ಹಿಂದೆ ಸಿಬ್ಬಂದಿ ಅವರನ್ನು 'ವೇದಿಕೆ' ಎಂದು ಕರೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಜನವರಿ ೯, ಗುರುವಾರ

ಅಳತೆಯ ಅಭ್ಯಾಸ. ನರ್ಸಮ್ಮ ಟೇಪು ಹಿಡಿದು ಬಂದಾಗ ನಿರ್ದೇಶಕರಿಗೆ ಒಂದು ತುರ್ತು ಫೋನು ಬಂತು. ಆದ್ದರಿಂದ ನಾನೇ ನಿಂತೆ. ನೂರ ಎಂಟು ಸೆಂಟಿಮೀಟರ್. ಟೇಪು ಹಳೆಯದು. ರಕ್ತವನ್ನೂ ತೆಗೆದರು, ಸಕ್ಕರೆ ನೂರ ಮೂವತ್ತೊಂದು. ಯಂತ್ರವೂ ಹಳೆಯದೇ.

ಸಂಜೆ ನನ್ನಾಕೆಗೆ ಸಕ್ಕರೆಯ ದುಷ್ಪರಿಣಾಮಗಳನ್ನು ವಿವರವಾಗಿ ತಿಳಿಸಿದೆ. ಅವಳು ಕೇಳಿಸಿಕೊಂಡು, ನನ್ನ ಮುಂದಿದ್ದ ಕೇಕಿನ ತಟ್ಟೆಯನ್ನು ತೆಗೆದುಕೊಂಡು ಹೋದಳು. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದು ಅಡುಗೆಮನೆಯಿಂದ ಕೇಳಿಸಿತು.

ಫೆಬ್ರವರಿ ೫, ಬುಧವಾರ

ನೂರ ಹದಿನೆಂಟು ಸಾಲು ತುಂಬಿದವು, ಸಾಲಿಗೊಬ್ಬ ರೋಗಿ. ಕೋಷ್ಟಕ ಕಣ್ಣಿಗೆ ಹಬ್ಬ. ೪೪ ಬಹಳ ಒಳ್ಳೆಯ ರೋಗಿ: ಸೊಂಟ ದಪ್ಪ, ಸಕ್ಕರೆ ಹೆಚ್ಚು, ಕೊಬ್ಬು ಹೆಚ್ಚು, ಗಡ್ಡೆಯೂ ಎಲ್ಲಕ್ಕಿಂತ ಉಗ್ರವಾದ ಮೂರನೇ ದರ್ಜೆಯದು. ಎಲ್ಲವೂ ಹೇಳಿದಂತೆ ಕೇಳುತ್ತದೆ. ೫೨ ಕೆಟ್ಟ ರೋಗಿ. ಸೊಂಟ ಎಪ್ಪತ್ತು, ಸಕ್ಕರೆ ಸರಿ, ಕೊಬ್ಬು ಸರಿ, ಆದರೂ ಗಡ್ಡೆ ಮೂರನೇ ದರ್ಜೆ. ೯೬ ಕೂಡ ಹಾಗೇ. ಕೆಲವರಿಗೆ ಶಿಸ್ತೇ ಇರುವುದಿಲ್ಲ.

ಫೆಬ್ರವರಿ ೧೬, ಭಾನುವಾರ

ಅಕ್ಕ ಊಟಕ್ಕೆ ಬಂದಿದ್ದಳು. ಎರಡು ಬೀದಿ ಆಚೆ ಒಬ್ಬಳೇ ಇದ್ದಾಳೆ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಅಮ್ಮ ಹೋದಾಗ ನನಗೆ ಏಳು ವರ್ಷ, ಅವಳಿಗೆ ಹದಿನೈದು. ಅಂದಿನಿಂದ ನನ್ನನ್ನು ಸಾಕಿದವಳು ಅವಳೇ. ಈಗ ಅವಳಿಗೆ ಅರವತ್ತೆರಡು.

ತಟ್ಟೆ ತೊಳೆಯುತ್ತಾ, "ಗುಂಡ, ಎಡಗಡೆ ಎದೇಲಿ ಒಂದು ಗಂಟು ಥರ ಇದೆ ಕಣೋ. ಹೊಲಿಗೆ ಮಷೀನು ಒತ್ತಿ ಆಗಿರಬಹುದಾ?" ಎಂದಳು. ಐವತ್ತನಾಲ್ಕು ದಾಟುತ್ತಿರುವ ನನ್ನನ್ನು ಗುಂಡ ಎಂದು ಕರೆಯುವವಳು ಅವಳೊಬ್ಬಳೇ. ನಾನು ನಕ್ಕೆ. ಕಡ್ಡಿಯಂತಿದ್ದಾಳೆ, ಚಹಾಕ್ಕೂ ಸಕ್ಕರೆ ಹಾಕಿಕೊಳ್ಳುವುದಿಲ್ಲ, ಎಲ್ಲಿಗೆ ಹೋಗುವುದಾದರೂ ಕಾಲ್ನಡಿಗೆಯಲ್ಲೇ. "ಅಂಕಿಗಳೆಲ್ಲ ನಿನ್ನ ಕಡೆ ಇವೆ. ನಿನಗೆ ಏನೂ ಆಗಿರಲ್ಲ. ಸಮವಸ್ತ್ರದ ಗಡಿಬಿಡಿ ಮುಗೀಲಿ, ಆಮೇಲೆ ನೋಡೋಣ" ಎಂದೆ. ಅವಳ ಮುಖ ಹಗುರಾಯಿತು. ಅಧ್ಯಯನದ ಜ್ಞಾನ ಮನೆಯವರಿಗೂ ಉಪಯೋಗಕ್ಕೆ ಬರುತ್ತಿದೆ.

ಮಾರ್ಚ್ ೪, ಮಂಗಳವಾರ

ನನಗೆ ಒಂದು ಮಾತೂ ಹೇಳದೆ ನನ್ನಾಕೆ ಅಕ್ಕನನ್ನು ನಮ್ಮ ಆಸ್ಪತ್ರೆಗೇ ಕರೆದುಕೊಂಡು ಬಂದಿದ್ದಳು. ಮಧ್ಯಾಹ್ನ ವರಾಂಡದಲ್ಲಿ ಇಬ್ಬರೂ ಬೆಂಚಿನ ಮೇಲೆ ಕೂತಿದ್ದನ್ನು ಕಂಡು ಗಾಬರಿಯಾದೆ.

"ಯಾಕೆ, ಏನಾಯ್ತು?"

"ನೀವು ನೋಡೋಣ ನೋಡೋಣ ಅಂತಾನೇ ಇದ್ರಿ. ನಾನು ಅತ್ತಿಗೆನ ಡಾಕ್ಟರಿಗೆ ತೋರಿಸಿಕೊಂಡು ಹೋಗೋಣ ಅಂತ ಬಂದೆ" ಎಂದಳು. ಸೂಜಿ ಹಾಕಿ ಒಂದು ಚೂರು ತೆಗೆದಿದ್ದಾರೆ. ವಾರ ಕಾಯಬೇಕಂತೆ. ಅನಗತ್ಯ ಆತಂಕ ಎಂದು ಇಬ್ಬರಿಗೂ ತಿಳಿಹೇಳಿದೆ.

ಮಾರ್ಚ್ ೧೧, ಮಂಗಳವಾರ

ಕ್ಯಾನ್ಸರ್.

ಮಾರ್ಚ್ ೧೩, ಗುರುವಾರ

ಅಕ್ಕನನ್ನು ಅಧ್ಯಯನಕ್ಕೆ ಸೇರಿಸಿದೆ. ಒಪ್ಪಿಗೆ ಪತ್ರವನ್ನು ನಾನೇ ಓದಿ ಹೇಳಿದೆ.

"ನನ್ನ ರಕ್ತ ಬೇರೆ ಹೆಂಗಸರಿಗೆ ಏನಾದ್ರೂ ಉಪಯೋಗ ಆಗುತ್ತೇನೋ?"

"ಖಂಡಿತ ಆಗುತ್ತೆ ಅಕ್ಕ. ಪುಸ್ತಕದಲ್ಲಿ ಬರುತ್ತೆ."

"ಹಂಗಾದ್ರೆ ಎಷ್ಟು ಬೇಕೋ ಅಷ್ಟು ತಗೊಳ್ಳಿ" ಎಂದು ತೋಳು ಚಾಚಿದಳು. ಅವಳ ಸಂಖ್ಯೆ ೨೦೭.

ಸೊಂಟ ಅರವತ್ತೆಂಟು. ಸಕ್ಕರೆ ಎಂಬತ್ತನಾಲ್ಕು. ಇನ್ಸುಲಿನ್, ಕೊಬ್ಬು, ಎಲ್ಲ ಇರಬೇಕಾದಲ್ಲಿ ಇವೆ. ಇಷ್ಟು ವರ್ಷಗಳಲ್ಲಿ ಇಂಥ ಚಿನ್ನದಂಥ ರಕ್ತವನ್ನು ನಾನು ನೋಡಿಲ್ಲ, ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದು. ಗಡ್ಡೆ ಮೂರನೇ ದರ್ಜೆ. ನೂರು ಜೀವಕೋಶಗಳಲ್ಲಿ ಎಪ್ಪತ್ತು ಇಬ್ಭಾಗವಾಗುತ್ತಿವೆ. ಹಾರ್ಮೋನಿನ ಮಾತ್ರೆಗೆ ಬಗ್ಗುವ ಜಾತಿಯೂ ಅಲ್ಲ.

ಎರಡು ಸಲ ತಾಳೆ ನೋಡಿದೆ. ನಮೂದಿಸುವಲ್ಲಿ ತಪ್ಪಾಗಿಲ್ಲ.

ಮಾರ್ಚ್ ೨೬, ಬುಧವಾರ

ಸೋಮವಾರ ಮೊದಲ ಕೀಮೋ ಆಯಿತು. ಅಕ್ಕ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಫ್ರಿಜ್ ಬಾಗಿಲಿಗೆ ಆಹಾರದ ಪಟ್ಟಿ ಅಂಟಿಸಿದೆ: ಕೆಂಪು ಕಾಲಂ ನಿಷಿದ್ಧ, ಹಸಿರು ಕಾಲಂ ಅನುಮತಿ, ಹಳದಿ ಕಾಲಂ ನನ್ನನ್ನು ಕೇಳಿ ತಿನ್ನತಕ್ಕದ್ದು. ನೋಡಲು ಬಂದವರೆಲ್ಲ ಅದನ್ನು ಮೆಚ್ಚಿದರು. ಪಕ್ಕದ ಮನೆಯಾಕೆ, "ಸಕ್ಕರೆ ಜಾಸ್ತಿ ತಿಂತಿದ್ರೇನೋ, ಅದಕ್ಕೇ ಬಂತು" ಎಂದರು. ಅಕ್ಕ, "ಹೌದಮ್ಮ, ಅರವತ್ತು ವರ್ಷ ಕದ್ದುಕದ್ದು ತಿಂದೆ" ಎಂದಳು. ಅವರು ನಿಜವೆಂದು ತಿಳಿದು ತಲೆಯಾಡಿಸಿದರು.

ಏಪ್ರಿಲ್ ೧೭, ಗುರುವಾರ

ಎರಡನೇ ಕೀಮೋ ಆಗಿ ಮೂರು ದಿನ. ಕೂದಲು ದಿಂಬಿನ ಮೇಲೆಯೇ ಉಳಿಯುತ್ತಿತ್ತು. ಇವತ್ತು ನನ್ನಾಕೆ ಪೂರ್ತಿ ತೆಗೆದುಬಿಟ್ಟಳು. ತೂಕ ನಲವತ್ತೊಂದು. ಏನು ತಿಂದರೂ ವಾಂತಿ. ಪಟ್ಟಿಯ ಹಸಿರು ಕಾಲಮ್ಮಿನಲ್ಲಿದ್ದುದನ್ನೆಲ್ಲ ಒಂದೊಂದಾಗಿ ಕೊಟ್ಟೆ, ಒಂದೊಂದಾಗಿ ಹೊರಗೆ ಬಂತು. ಡಾಕ್ಟರಿಗೆ ಫೋನು ಮಾಡಿದರೆ, "ಏನು ಒಳಗೆ ಇಳಿಯುತ್ತೋ ಅದನ್ನ ಕೊಡಿ ಮಾರಾಯ್ರೆ. ಈಗ ಅವರು ತಿಂದರೆ ಸಾಕು" ಎಂದರು. ನನ್ನಾಕೆ ಪಟ್ಟಿಯನ್ನು ಕಿತ್ತು ನಾಲ್ಕು ಮಡಿಕೆ ಮಾಡಿ, ಅಲುಗಾಡುವ ಮೇಜಿನ ಕಾಲಿನಡಿ ಇಟ್ಟಳು. ಮೇಜು ಈಗ ಅಲುಗಾಡುವುದಿಲ್ಲ.

ಅಕ್ಕ ಐಸ್‌ಕ್ರೀಮು ಕೇಳಿದಳು. ಯಾವ ಬಗೆ ಇಷ್ಟ ಎಂದು ಕೇಳಲು ಮರೆತು ಹೋಗಿದ್ದೆ. ಮೂರು ಬಗೆ ತಂದೆ. ಎರಡು ಚಮಚ ತಿಂದಳು. ಉಳಿಯಿತು.

ಮೇ ೭, ಬುಧವಾರ

ಮುನ್ನೂರು ಸಾಲೂ ತುಂಬಿದವು. ಇಂದು ಗ್ರಾಫನ್ನು ನಿರ್ದೇಶಕರಿಗೆ ತೋರಿಸಿದೆ. ಸಂಬಂಧ ಇದೆ, ಇಲ್ಲವೆಂದಲ್ಲ. ಸಕ್ಕರೆ-ಕೊಬ್ಬು ಏರಿದವರಲ್ಲಿ ಉಗ್ರ ಗಡ್ಡೆ ಸ್ವಲ್ಪ ಹೆಚ್ಚು. ಆದರೆ ಸ್ವಲ್ಪವೇ.

"ಏನ್ರೀ ಇದು, ಗ್ರಾಫೋ, ಸೊಳ್ಳೆ ಪರದೆಯೋ?" ಎಂದರು ನಿರ್ದೇಶಕರು. "ಸೆಪ್ಟೆಂಬರ್‌ನಲ್ಲಿ ಸಮ್ಮೇಳನ ಇದೆ. ನಾನು ವೇದಿಕೆ ಹತ್ತಿ 'ಸ್ವಲ್ಪ' ಅಂತ ಹೇಳಲಾ? 'ಸ್ವಲ್ಪ' ಅನ್ನೋದಕ್ಕೆ ಯಾರಾದ್ರೂ ಚಪ್ಪಾಳೆ ತಟ್ತಾರಾ?"

ಉಪಾಯ ಹೇಳಿದವನು ನಾನೇ. ರಕ್ತ, ಸೊಂಟ ಎಲ್ಲ ಸರಿಯಿದ್ದೂ ಗಡ್ಡೆ ಮಾತ್ರ ಉಗ್ರವಾಗಿರುವವರು ಇಪ್ಪತ್ತಮೂರು ಜನ. ಅವರಿಗೆ ಬೇರೇನೋ ಕಾರಣವಿರಬೇಕು. ಅವರನ್ನು 'ಅಂಚಿನ ಸಾಲುಗಳು' ಎಂದು ಕರೆದು ಪಕ್ಕಕ್ಕಿಟ್ಟರೆ ಗೆರೆ ನೆಟ್ಟಗಾಗುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ನಿರ್ದೇಶಕರು ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಲೇಖನದಲ್ಲಿ ನನ್ನ ಹೆಸರು ನಾಲ್ಕನೆಯದಾಗಿ ಬರುತ್ತದಂತೆ.

ಇಪ್ಪತ್ತಮೂರು ಸಾಲನ್ನೂ ಅಳಿಸಿದೆ. ಅವುಗಳಲ್ಲಿ ೨೦೭ ಕೂಡ ಇತ್ತು. ನಿಯಮ ಎಂದರೆ ನಿಯಮ, ಅದಕ್ಕೆ ಅಕ್ಕ ತಮ್ಮ ಎಂದು ಇರುವುದಿಲ್ಲ. ಗೆರೆ ಬಹಳ ಚೆನ್ನಾಗಿ ಬಂದಿದೆ.

ಮೇ ೮, ಗುರುವಾರ

ಕಚೇರಿಯ ಕೆಲಸ ಎಂದಿನಂತೆ. ಊಟ ಮಾಡಲಿಲ್ಲ. ಕಾರಣವೇನಿಲ್ಲ.

ಮೇ ೨೬, ಸೋಮವಾರ

ನಾಲ್ಕನೇ ಕೀಮೋ. ಇಷ್ಟು ದಿನ ನನ್ನಾಕೆ ಹೋಗುತ್ತಿದ್ದಳು. ಇವತ್ತು ಅವಳಿಗೆ ಜ್ವರ, ಹಾಗಾಗಿ ನಾನು ಹೋದೆ. ಇಪ್ಪತ್ತೆರಡು ವರ್ಷ ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಕೆಲಸ ಮಾಡಿದ್ದೇನೆ, ಮೊದಲನೇ ಮಹಡಿಯ ಆ ಕೊಠಡಿಯ ಒಳಗೆ ಹೋಗಿರಲಿಲ್ಲ. ಎಂಟು ಒರಗು ಕುರ್ಚಿಗಳು. ಎಂಟರಲ್ಲೂ ಹೆಂಗಸರು, ಕೈಗೆ ಸೂಜಿ, ತಲೆಗೆ ಬಟ್ಟೆ. ಸದ್ದು ನೋಡಿದರೆ ಮದುವೆ ಮನೆಯಂತೆ.

"ಇವನೇ ನನ್ನ ತಮ್ಮ. ಪುಸ್ತಕ ಬರೀತಿರೋದು ಇವನೇ" ಎಂದು ಅಕ್ಕ ಎಲ್ಲರಿಗೂ ಪರಿಚಯಿಸಿದಳು. ಎಂಟೂ ಜನ ನಮ್ಮ ಅಧ್ಯಯನದವರೇ. ಎಲ್ಲರಿಗೂ ತಮ್ಮ ತಮ್ಮ ಸಂಖ್ಯೆ ಬಾಯಿಪಾಠ.

"ನಾನು ಐವತ್ತೆರಡು ಸಾರ್. ಸಿಟಿ ಬಸ್ ಓಡಿಸ್ತೀನಿ" ಎಂದರು ಒಬ್ಬರು. "ನಮ್ಮ ಸ್ಟೀರಿಂಗು ಎಷ್ಟು ಗಟ್ಟಿ ಅಂದ್ರೆ ಬೇರೆ ವ್ಯಾಯಾಮನೇ ಬೇಡ."

ತೊಂಬತ್ತಾರು ಅಂಚೆ ಹಂಚುವಾಕೆ, ದಿನಕ್ಕೆ ಹನ್ನೆರಡು ಕಿಲೋಮೀಟರು ನಡೆಯುತ್ತಾರೆ. ನೂರ ಮೂವತ್ತೊಂದು ಈಜು ಕಲಿಸುವಾಕೆ. ನೂರ ಅರವತ್ತನಾಲ್ಕು ಶಾಲೆಯಲ್ಲಿ ಸಂಗೀತದ ಟೀಚರು. ಮೂಲೆಯಲ್ಲಿ ಕೂತ ದಪ್ಪಗಿನ ಹೆಂಗಸು ತಾವಾಗಿಯೇ ಮಾತಾಡಲಿಲ್ಲ. ಅಕ್ಕ ಕೇಳಿದ ಮೇಲೆ, "ನಲವತ್ತನಾಲ್ಕು. ಬೇಕರಿ ಇಟ್ಟಿದ್ದೀನಿ" ಎಂದರು. "ನನ್ನ ನೋಡಿದವರೆಲ್ಲ ಕೇಕು ತಿಂದು ತಿಂದು ಬಂತು ಅಂತಾರೆ. ನಮ್ಮಮ್ಮ ಕೂಡ ಹಂಗೇ ಅಂದ್ರು ಸಾರ್. ನೀವು ಪುಸ್ತಕದಲ್ಲಿ ಹಂಗೆ ಬರೆಯಲ್ಲ ತಾನೇ?"

ಹಾಗೆ ಬರೆಯುವುದಿಲ್ಲ ಎಂದೆ. ಬರೆದಾಗಿತ್ತು.

ಅಕ್ಕ ಕೇಳಿದಳು, "ಗುಂಡ, ನನ್ನ ರಕ್ತ ಏನು ಹೇಳ್ತೋ?"

ಕೊಠಡಿಯಲ್ಲಿ ಎಂಟು ಜನ. ನನ್ನ ಕೋಷ್ಟಕದ ಪ್ರಕಾರ ಅವರಲ್ಲಿ ಐವರು ಇಲ್ಲವೇ ಇಲ್ಲ. "ಲೆಕ್ಕ ನಡೀತಿದೆ" ಎಂದು ಹೇಳಿ ನೀರು ತರುವ ನೆಪದಲ್ಲಿ ಹೊರಗೆ ಬಂದೆ. ನೀರಿನ ಜಗ್ಗು ತುಂಬಿಯೇ ಇತ್ತಂತೆ, ಆಮೇಲೆ ಅಂಚೆಯಮ್ಮ ಹೇಳಿ ನಕ್ಕರು.

ಜೂನ್ ೩, ಮಂಗಳವಾರ

ಸೂಕ್ಷ್ಮದರ್ಶಕದ ಮೇಡಂ ಹತ್ತಿರ ಹೋದೆ. ಗಡ್ಡೆಯ ಚೂರುಗಳನ್ನು ನೋಡಿ ದರ್ಜೆ ಹೇಳುವವರು ಅವರು. ನೆಲಮಾಳಿಗೆಯಲ್ಲಿ ಕೂರುತ್ತಾರೆ, ಸಭೆಗಳಿಗೆ ಬರುವುದಿಲ್ಲ, ಆದ್ದರಿಂದ ಅವರಿಗೆ ಕೆಲಸ ಮಾಡಲು ಸಮಯವಿರುತ್ತದೆ. ಇಪ್ಪತ್ತಮೂರು ಸಾಲಿನ ವಿಷಯವನ್ನು ಆದಷ್ಟು ನಯವಾಗಿ ಹೇಳಿದೆ.

ಅವರು ಕಣ್ಣು ಮೇಲೆತ್ತಲಿಲ್ಲ. "ಆ ಇಪ್ಪತ್ತಮೂರು ಗಡ್ಡೇನೂ ನಾನೇ ನೋಡಿದ್ದೀನಿ. ನಿಮ್ಮ ಕಾಗದದಲ್ಲಿ ಇಲ್ಲ ಅಂದ್ರೆ, ನಾನು ನೋಡಿದ್ದೇನು, ದೆವ್ವಾನಾ?"

"ಅವರ ರಕ್ತ ಸರಿ ಇತ್ತಲ್ಲ ಮೇಡಂ, ಬೇರೇನೋ ಕಾರಣ ಇರಬೇಕು ಅಂತ…"

"ಬೇರೆ ಕಾರಣ ಇದ್ದೇ ಇರುತ್ತೆ. ಅದನ್ನ ಹುಡುಕೋಕೆ ಅಲ್ವೇನ್ರೀ ನಾವು ಇರೋದು? ಸಕ್ಕರೆ, ಕೊಬ್ಬು ಒಂದು ದಾರಿ. ಗಡ್ಡೆಗೆ ನೂರು ದಾರಿ ಗೊತ್ತು." ಆಗ ತಲೆ ಎತ್ತಿದರು. "ನಿಮ್ಮ ಘೋಷಣೆ ಹೊರಗೆ ಹೋಗುತ್ತೆ. ತೆಳ್ಳಗಿರೋ ಹೆಂಗಸು ಅದನ್ನ ಕೇಳ್ತಾಳೆ. ಗಂಟು ಕೈಗೆ ಸಿಕ್ಕಿದ್ರೂ, ನನಗೆ ಸಕ್ಕರೆ ಇಲ್ಲ, ಸೊಂಟ ಸಣ್ಣ ಅಂತ ಮನೇಲೇ ಕೂರ್ತಾಳೆ. ಅವಳ ಮನೆಯವರೂ ಕೂತ್ಕೋ ಅಂತಾರೆ."

ಫೆಬ್ರವರಿಯ ಆ ಭಾನುವಾರದ ಬಗ್ಗೆ ಇಲ್ಲಿ ಬರೆಯುವ ಅಗತ್ಯವಿಲ್ಲ.

ಜೂನ್ ೫, ಗುರುವಾರ

ಇಪ್ಪತ್ತಮೂರು ಸಾಲನ್ನೂ ಮತ್ತೆ ಸೇರಿಸಿದೆ. ಗೆರೆ ಮತ್ತೆ ಸೊಟ್ಟಗಾಯಿತು.

ಲೇಖನದ ಜೊತೆ ಒಂದು ಪ್ರಮಾಣಪತ್ರ ಹೋಗಬೇಕು, 'ಅಧ್ಯಯನದಲ್ಲಿದ್ದ ಎಲ್ಲರ ವಿವರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಗಿದೆ' ಎಂದು. ಅದಕ್ಕೆ ನನ್ನ ಸಹಿ, ಮೇಡಂ ಸಹಿ ಎರಡೂ ಬೇಕು. ನಿರ್ದೇಶಕರು ಪೆನ್ನಿನ ಮುಚ್ಚಳವನ್ನು ತಾವೇ ತೆಗೆದು ನನ್ನ ಕೈಗೆ ಕೊಟ್ಟರು.

"ಎಲ್ಲರನ್ನೂ ತಗೊಂಡ್ರೆ ಹಾಕ್ತೀನಿ ಸಾರ್."

"ಅಂಚಿನ ಸಾಲು ಅಂತ ಕಂಡುಹಿಡಿದವರು ನೀವೇ ಅಲ್ವೇನ್ರೀ!"

"ಹೌದು ಸಾರ್. ತಪ್ಪು ಕಂಡುಹಿಡಿದೆ."

ಅವರು ಬಾಗಿಲು ಹಾಕಿಕೊಂಡು ಬಂದು, ದನಿ ತಗ್ಗಿಸಿದರು. "ನೋಡಿ, ಆ ಇಪ್ಪತ್ತಮೂರರಲ್ಲಿ ನಿಮ್ಮಕ್ಕ ಇದಾರಂತೆ, ನನಗೆ ಗೊತ್ತಾಯ್ತು. ಇದಕ್ಕೆ ಸ್ವಹಿತಾಸಕ್ತಿ ಅಂತಾರೆ. ವಿಜ್ಞಾನಿ ನಿರ್ಲಿಪ್ತ ಆಗಿರಬೇಕು."

"ನಾನು ವಿಜ್ಞಾನಿ ಅಲ್ಲ ಸಾರ್, ಗುಮಾಸ್ತ. ಅಕ್ಕ ಇರೋದು ನಿಜ. ಬೇಕಾದ್ರೆ ಅದನ್ನೂ ಕೆಳಗೆ ಬರೆದುಬಿಡೋಣ."

ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ಬಂದೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡೆ. ಮೊಣಕಾಲಿಗೆ ತೂಕ ಹೆಚ್ಚಾಗಿದೆ. ಇನ್ನು ಮೇಲೆ ನಡೆದೇ ಮನೆಗೆ ಹೋಗಬೇಕು.

ಸಂಜೆಯ ಹೊತ್ತಿಗೆ ತಿಳಿಯಿತು, ಮೇಡಂ ಕೂಡ ಸಹಿ ಹಾಕಲಿಲ್ಲವಂತೆ. "ಅವರು ಹಾಕಿದ ಮೇಲೆ ನೋಡೋಣ" ಎಂದು ಕಾಗದವನ್ನು ವಾಪಸು ಕಳಿಸಿದರಂತೆ. ವೇದಿಕೆ ಸಾಹೇಬರು ಬಹಳ ಹೊತ್ತು ಫೋನಿನಲ್ಲಿ ಕೂಗಾಡುತ್ತಿದ್ದರು.

ಜೂನ್ ೧೮, ಬುಧವಾರ

ಐದನೇ ಕೀಮೋ ಸೋಮವಾರ ಆಯಿತು. ಅಕ್ಕ ಕಿಟಕಿ ಪಕ್ಕ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಬೆರಳ ತುದಿ ಜೋಮು ಹಿಡಿದಿದೆ, ಸೂಜಿ ಪದೇ ಪದೇ ಬೀಳುತ್ತದೆ. ಬಿದ್ದಾಗಲೆಲ್ಲ ಎತ್ತಿಕೊಟ್ಟೆ. ನಾಲ್ಕನೇ ಸಲ ಎತ್ತಿಕೊಡುವಾಗ ಎರಡನ್ನೂ ಹೇಳಿದೆ. ಅವಳ ಸಾಲನ್ನು ಅಳಿಸಿದ್ದು. ಆ ಭಾನುವಾರ ಅವಳನ್ನು ಸುಮ್ಮನೆ ಮನೆಗೆ ಕಳಿಸಿದ್ದು.

"ಹದಿನಾರು ದಿನ ಅಕ್ಕ. ಇವಳು ಕರ್ಕೊಂಡು ಹೋಗದೆ ಇದ್ದಿದ್ರೆ ಇನ್ನೂ ಆಗ್ತಿತ್ತು."

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ನಾನು ಆ ಗಂಟನ್ನ ಡಿಸೆಂಬರ್‌ನಲ್ಲೇ ನೋಡಿದ್ದೆ ಕಣೋ. ಎಪ್ಪತ್ತು ದಿನ ನಾನೇ ಮುಚ್ಚಿಟ್ಟಿದ್ದೆ. ನಿನ್ನ ಪಾಲು ಹದಿನಾರು, ನನ್ನ ಪಾಲು ಎಪ್ಪತ್ತು. ಲೆಕ್ಕದವನು ನೀನು, ಸರಿಯಾಗಿ ಹಂಚು."

ಇನ್ನೊಂದು ಗುಂಡಿ ಆರಿಸಿಕೊಂಡು ಕೇಳಿದಳು, "ಮತ್ತೆ ಸೇರಿಸಿದ್ದು ನನ್ನೊಬ್ಬಳನ್ನೋ, ಎಲ್ಲರನ್ನೂನೋ?"

"ಎಲ್ಲರನ್ನೂ."

"ಬಸ್ಸಿನವಳನ್ನೂ?"

"ಬಸ್ಸಿನವರನ್ನೂ, ಅಂಚೆಯವರನ್ನೂ."

"ಹಾಂ. ಒಬ್ಬಳನ್ನೇ ಸೇರಿಸಿದ್ರೆ ಕಿವಿ ಹಿಂಡ್ತಿದ್ದೆ" ಎಂದು ಸೂಜಿಯನ್ನು ನನ್ನ ಕೈಗೆ ಕೊಟ್ಟಳು, "ಪೋಣಿಸು." ಕನ್ನಡಕ ಹಾಕಿಕೊಂಡರೂ ಮೂರು ಸಲ ತಪ್ಪಿತು. ಕಣ್ಣು ಮಂಜಾಗಿತ್ತು. ಕನ್ನಡಕ ಬದಲಿಸಬೇಕು.

ಜುಲೈ ೨೨, ಮಂಗಳವಾರ

ಎಷ್ಟೋ ದಿನ ಬರೆದಿಲ್ಲ. ಒಂದೂವರೆ ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದ ವೇದಿಕೆ ಇವತ್ತು ತಾನಾಗಿಯೇ ನನ್ನ ಮೇಜಿಗೆ ಬಂದಿತು. ಬೇರೆ ದಾರಿಯಿಲ್ಲದೆ ಮುನ್ನೂರೂ ಸಾಲು ಸೇರಿದ ಲೇಖನವನ್ನೇ ವೈದ್ಯಕೀಯ ಪತ್ರಿಕೆಗೆ ಕಳಿಸಿದ್ದರಲ್ಲ, ಅದನ್ನು ಓದಿದ ಹೊರಗಿನ ತಜ್ಞರು ಪತ್ರ ಬರೆದಿದ್ದಾರೆ: ಸಕ್ಕರೆ-ಕೊಬ್ಬಿನ ಮಾತು ಹೊಸದೇನಲ್ಲ, ಆದರೆ ಎಲ್ಲ ಸರಿಯಿದ್ದೂ ಉಗ್ರ ಗಡ್ಡೆ ಬಂದ ಆ ಇಪ್ಪತ್ತಮೂರು ಜನರೇ ಈ ಲೇಖನದ ಜೀವ, ಅವರ ಬಗ್ಗೆ ಇನ್ನೂ ಬರೆಯಿರಿ ಎಂದು.

"ನಾನು ಮೊದಲಿಂದಲೂ ಹೇಳ್ತಾ ಇದ್ದೆ ನೋಡಿ!" ಎಂದರು ಸಾಹೇಬರು. ಮಧ್ಯಾಹ್ನದ ಹೊತ್ತಿಗೆ ಆ ಹೆಂಗಸರು 'ನನ್ನ ಇಪ್ಪತ್ತಮೂರು ಜನ' ಆಗಿದ್ದರು. ಸಂಜೆಗೆ ಹೊಸ ಘೋಷಣೆಯೂ ಸಿದ್ಧವಾಯಿತು: 'ಸೊಂಟ ನಂಬಬೇಡಿ!' ಲೇಖಕರ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ಈಗ ಅವರ ಅಳಿಯನದು. ಕೃತಜ್ಞತೆಯ ಭಾಗದಲ್ಲಿ 'ಕಚೇರಿ ಸಿಬ್ಬಂದಿ' ಎಂದಿದೆ. ಅದು ನಾನೇ ಇರಬೇಕು. ವೈರು ಹಿಡಿದವರೂ ಇರಬಹುದು.

ಆಗಸ್ಟ್ ೫, ಮಂಗಳವಾರ

ಶಸ್ತ್ರಚಿಕಿತ್ಸೆ. ಬೆಳಗ್ಗೆ ಎಂಟರಿಂದ ಹನ್ನೆರಡೂವರೆ. ನಾನು, ನನ್ನಾಕೆ ಹೊರಗೆ. ಬೇಕರಿಯಮ್ಮ ಒಂದು ಪೊಟ್ಟಣ ಕೊಟ್ಟು ಹೋದರು. ಯಾರೂ ತಿನ್ನಲಿಲ್ಲ.

ಆಗಸ್ಟ್ ೧೯, ಮಂಗಳವಾರ

ಸೂಕ್ಷ್ಮದರ್ಶಕದ ಮೇಡಂ ನೆಲಮಾಳಿಗೆಯಿಂದ ಎರಡನೇ ಮಹಡಿಯವರೆಗೆ ಮೆಟ್ಟಿಲು ಹತ್ತಿ ಬಂದರು. ಅವರು ಹಾಗೆ ಬಂದದ್ದನ್ನು ನೋಡಿ ಕೆಟ್ಟ ಸುದ್ದಿಯೇ ಎಂದುಕೊಂಡು ಎದ್ದು ನಿಂತೆ.

"ಉಳಿದಿರೋದು ಮೂರು ಮಿಲಿಮೀಟರ್. ಕಂಕುಳ ಗಂಟುಗಳು ಎಲ್ಲ ಶುದ್ಧ" ಎಂದರು. "ಜೋರಾಗಿ ಬೆಳೆಯೋ ಗಡ್ಡೆ ಒಮ್ಮೊಮ್ಮೆ ಔಷಧಿಗೂ ಜೋರಾಗಿ ಕರಗುತ್ತೆ. ಎಲ್ಲರಿಗೂ ಹಾಗಾಗಲ್ಲ. ನಿಮ್ಮಕ್ಕನಿಗೆ ಆಗಿದೆ. ಇನ್ನು ವಿಕಿರಣ ಇದೆ, ಕೀಮೋ ಮಾತ್ರೆ ಇದೆ, ನಾಲ್ಕೈದು ವರ್ಷ ಕಣ್ಣಿಟ್ಟು ನೋಡಬೇಕು. ಈಗಲೇ ಕುಣಿಯೋದು ಬೇಡ."

ನಾನು ಕುಣಿಯಲಿಲ್ಲ. ಮೇಡಂಗೆ ಕುರ್ಚಿ ಕೊಡಬೇಕೆಂದು ನೆನಪಾದದ್ದು ಅವರು ಹೋದ ಮೇಲೆ. ಮನೆಗೆ ನಡೆದು ಹೋಗುವಷ್ಟು ತಾಳ್ಮೆ ಇರಲಿಲ್ಲ, ಬಸ್ಸು ಹತ್ತಿದೆ.

ಈಜಿನ ಟೀಚರಿಗೆ ಅಷ್ಟು ಒಳ್ಳೆಯ ಸುದ್ದಿ ಇಲ್ಲವಂತೆ. ಯಕೃತ್ತಿಗೆ ಹೋಗಿದೆ. ಅಕ್ಕನಿಗೆ ಅವರ ಸುದ್ದಿ ಮೊದಲೇ ಗೊತ್ತಿತ್ತು. ತನ್ನದನ್ನು ಕೇಳಿ ನಗಲಿಲ್ಲ, "ಭಾನುವಾರ ಅವಳ ಮನೆಗೆ ಹೋಗೋಣ, ಕರ್ಕೊಂಡು ಹೋಗ್ತೀಯಾ?" ಎಂದಳು.

ಸೆಪ್ಟೆಂಬರ್ ೧೧, ಗುರುವಾರ

ಸಮ್ಮೇಳನ. ದೊಡ್ಡ ಸಭಾಂಗಣ, ನಾನು ಕೊನೆಯ ಸಾಲಿನಲ್ಲಿ. ವೈರು ಹಿಡಿಯುವ ಅಗತ್ಯವೂ ಇರಲಿಲ್ಲ, ಈಗ ಎಲ್ಲ ವೈರಿಲ್ಲದೆ ನಡೆಯುತ್ತದೆ. ವೇದಿಕೆ ಮೇಲೆ ವೇದಿಕೆ ಮಿಂಚಿತು. ಅರ್ಧ ಗಂಟೆ ಮಾತು, ಅದರಲ್ಲಿ 'ನಾನು' ನಲವತ್ತಾರು ಸಲ. ಎಣಿಸಿದ್ದು ಬೇಕೆಂದಲ್ಲ, ಅಭ್ಯಾಸ ಬಲ.

ಕೊನೆಗೆ ಪ್ರಶ್ನೆಗಳ ಸಮಯ. ಬೇರೆ ಊರಿನಿಂದ ಬಂದಿದ್ದ ವಯಸ್ಸಾದ ವೈದ್ಯೆಯೊಬ್ಬರು ಎದ್ದರು. "ಬಹಳ ಚೆನ್ನಾಗಿತ್ತು. ಈ ಇಪ್ಪತ್ತಮೂರು ಹೆಂಗಸರು ಯಾರು? ಏನು ಕೆಲಸ ಮಾಡೋರು, ಹೇಗೆ ಬದುಕೋರು, ಈಗ ಹೇಗಿದ್ದಾರೆ? ಅವರ ಬಗ್ಗೆ ಸ್ವಲ್ಪ ಹೇಳಿ."

ಸಾಹೇಬರು ಕಾಗದ ತಿರುವಿದರು. ನೀರು ಕುಡಿದರು. "ಅವರು… ಅವರು ವಿವಿಧ ಹಿನ್ನೆಲೆಯವರು" ಎಂದರು. ಮತ್ತೆ ನೀರು ಕುಡಿದರು.

ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ಮೈಕು ಯಾರೂ ಕೊಡಲಿಲ್ಲ, ಗಂಟಲು ದೊಡ್ಡದಿದೆ, ಸಾಕಾಯಿತು. "ಒಬ್ಬರು ಸಿಟಿ ಬಸ್ ಓಡಿಸ್ತಾರೆ, ಹೋದ ವಾರ ಮತ್ತೆ ಕೆಲಸಕ್ಕೆ ಹೋದ್ರು" ಎಂದು ಶುರುಮಾಡಿದೆ. ಅಂಚೆಯಮ್ಮ. ಸಂಗೀತದ ಟೀಚರು, ದನಿ ಬಿದ್ದಿದೆ, ವಾಪಸು ಬರುತ್ತಿದೆ. ರೈಲ್ವೆ ಗೇಟಿನ ಕಾವಲಿನಾಕೆ. ಅವಳಿ ಮಕ್ಕಳ ತಾಯಿ, ಮಕ್ಕಳಿಗೆ ಎರಡು ವರ್ಷ. ನ್ಯಾಯಾಲಯದ ಟೈಪಿಸ್ಟು. ಕಳೆದ ಮೂರು ತಿಂಗಳಲ್ಲಿ ಅಕ್ಕನ ಜೊತೆ, ಕೆಲವೊಮ್ಮೆ ಒಬ್ಬನೇ ಹೋಗಿ ಎಲ್ಲರನ್ನೂ ನೋಡಿದ್ದೆ. ಈಜಿನ ಟೀಚರ ಬಳಿಗೆ ಬಂದಾಗ, "ಅವರು ಈ ಹದಿನಾಲ್ಕು ದಿನದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ" ಎಂದೆ. ಮತ್ತೆ ಮುಂದುವರಿಸಿದೆ. ಇಪ್ಪತ್ತಮೂರನೆಯವಳು ಸಮವಸ್ತ್ರ ಹೊಲಿಯುವ ನನ್ನಕ್ಕ. "ಇವರೆಲ್ಲರ ರಕ್ತ ನನ್ನ ರಕ್ತಕ್ಕಿಂತ ಚೆನ್ನಾಗಿತ್ತು. ಮನೆಯವರು ನಿನಗೇನೂ ಆಗಿಲ್ಲ ಅಂದಿದ್ರು. ಕೆಲವರ ಮನೆಯವರಿಗೆ ವಿಷಯ ಗೊತ್ತಿರಬೇಕಿತ್ತು" ಎಂದು ಹೇಳಿ ಕೂತೆ.

ಚಪ್ಪಾಳೆ ಬೀಳಲಿಲ್ಲ. ಆ ವೈದ್ಯೆ ನಿಂತೇ ಇದ್ದರು, ಬರೆದುಕೊಳ್ಳುತ್ತಿದ್ದರು. "ಆ ಗೇಟಿನವರ ವಯಸ್ಸೆಷ್ಟು ಅಂದ್ರಿ?" ಎಂದು ಕೇಳಿದರು. ಹೇಳಿದೆ.

ಸೆಪ್ಟೆಂಬರ್ ೧೫, ಸೋಮವಾರ

ವರ್ಗಾವಣೆಯ ಆದೇಶ ಬಂತು. ಸಭಾ ಶಿಷ್ಟಾಚಾರ ಮೀರಿದ್ದಕ್ಕೆ ಎಂದು ಬರೆದಿಲ್ಲ, 'ಆಡಳಿತದ ಹಿತದೃಷ್ಟಿಯಿಂದ' ಎಂದಿದೆ. ನೆಲಮಹಡಿಯ ನೋಂದಣಿ ಕಿಟಕಿ. ಹೊಸದಾಗಿ ಬರುವವರ ಚೀಟಿ ಮಾಡುವ ಕೆಲಸ. ಕಚೇರಿಯವರು ಸಾವಿನ ಮನೆಗೆ ಬಂದವರಂತೆ ಒಬ್ಬೊಬ್ಬರಾಗಿ ಬಂದು ಮಾತಾಡಿಸಿ ಹೋದರು. ನನ್ನಾಕೆಗೆ ಹೇಳಿದಾಗ, "ಅಲ್ಲಿ ನಿಂತು ಮಾಡೋ ಕೆಲಸ ತಾನೇ? ಹೊಟ್ಟೆ ಇಳಿಯುತ್ತೆ ಬಿಡ್ರಿ" ಎಂದಳು.

ಸೆಪ್ಟೆಂಬರ್ ೧೬, ಮಂಗಳವಾರ

ಕಿಟಕಿಗೆ ಇವತ್ತು ನಲವತ್ತೊಂದು ಜನ ಬಂದರು. ಫಾರಮ್ಮಿನಲ್ಲಿ ಹೆಸರು, ವಯಸ್ಸು, ವಿಳಾಸಕ್ಕೆ ಜಾಗವಿದೆ, ಏನು ಕೆಲಸ ಮಾಡುತ್ತಾರೆ ಎಂದು ಬರೆಯಲು ಜಾಗವಿಲ್ಲ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡೆ. ಕೇಳಿದರೆ ಜನ ಹೇಳುತ್ತಾರೆ, ಒಮ್ಮೆ ಶುರು ಮಾಡಿದರೆ ಬೇಗ ನಿಲ್ಲಿಸುವುದಿಲ್ಲ. ಸಾಲು ಗೇಟಿನವರೆಗೂ ಹೋಗಿ, ನಿಧಾನ ಮಾಡುತ್ತಾನೆಂದು ನನ್ನ ಮೇಲೆ ಎರಡು ದೂರು ಬಂದಿವೆ. ನಾಳೆ ಅರ್ಧ ಗಂಟೆ ಮುಂಚೆ ಕಿಟಕಿ ತೆಗೆಯಬೇಕು.